154 ಜಿಬಿ ಹೇಗೆ 23 ಜಿಬಿ ಆಯಿತು: ಗ್ರಾಫಿಕ್ಸ್ ಡೇಟಾ ಲೋಡಿಂಗ್‌ನ ಅಸಲಿ ಲೆಕ್ಕ

2025ರ ಡಿಸೆಂಬರ್‌ನಲ್ಲಿ ಸ್ವೀಡನ್ನಿನ ಆರೋಹೆಡ್ ಗೇಮ್ ಸ್ಟುಡಿಯೊ ಒಂದು ಸುದ್ದಿ ಹೇಳಿತು. ಅವರ ಹೆಲ್‌ಡೈವರ್ಸ್ 2 ಆಟ ಪಿಸಿಯಲ್ಲಿ ಸುಮಾರು 154 ಜಿಬಿ ಜಾಗ ಹಿಡಿಯುತ್ತಿತ್ತು, ಅದನ್ನು ಸುಮಾರು 23 ಜಿಬಿಗೆ ಇಳಿಸಿದ್ದರು. ಆಟದ ಯಾವ ಭಾಗವನ್ನೂ ಕಿತ್ತುಹಾಕಿರಲಿಲ್ಲ. ಹಾಗಾದರೆ ಉಳಿದ 131 ಜಿಬಿ ಏನಾಗಿತ್ತು? ಹೆಚ್ಚೂಕಡಿಮೆ ಅಷ್ಟೂ ಒಂದೇ ಡೇಟಾದ ಪ್ರತಿಗಳು. ಅದೇ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ), ಅದೇ ಮಾಡೆಲ್ (ವಸ್ತುವಿನ ತ್ರಿಡಿ ಆಕಾರ), ಡಿಸ್ಕಿನಲ್ಲಿ ಬೇರೆ ಬೇರೆ ಕಡೆ ಮತ್ತೆ ಮತ್ತೆ.

ಯಾಕೆ ಹಾಗೆ ಮಾಡಿದ್ದರು? ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ಗಳಿಗಾಗಿ. ಆ ಡಿಸ್ಕ್‌ನಲ್ಲಿ ಓದುವ ಹೆಡ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಲು ಸುಮಾರು 10 ಮಿಲಿಸೆಕೆಂಡ್ ಬೇಕು. ಸಾವಿರ ಫೈಲು ಸಾವಿರ ಕಡೆ ಚದುರಿದ್ದರೆ ಹೆಡ್ ಓಡಾಡುವುದಕ್ಕೇ 10 ಸೆಕೆಂಡ್ ಹೋಗುತ್ತದೆ, ಓದುವ ಸಮಯ ಬೇರೆ. ಅದಕ್ಕೆ ಒಂದು ಲೆವೆಲ್‌ಗೆ ಬೇಕಾದ್ದೆಲ್ಲವನ್ನೂ ಸಾಲಾಗಿ ಒಂದೇ ಕಡೆ ಇಡುತ್ತಾರೆ. ಒಂದೇ ಬಂಡೆ ಹತ್ತು ಲೆವೆಲ್‌ನಲ್ಲಿ ಬಂದರೆ ಹತ್ತು ಸಲ ಇಡುತ್ತಾರೆ. ಇದು ಹಳೆಯ, ಒಪ್ಪಿತವಾದ ತಂತ್ರ, ಅದರಲ್ಲಿ ತಪ್ಪೇನೂ ಇಲ್ಲ. ಪ್ರತಿಗಳನ್ನು ತೆಗೆದರೆ ಲೋಡಿಂಗ್ 5 ಪಟ್ಟು ನಿಧಾನ ಆಗಬಹುದು ಎಂದು ಬೇರೆ ಆಟಗಳ ಅಂಕಿ ಅಂಶ ಹೇಳುತ್ತಿತ್ತು. ಆರೋಹೆಡ್‌ನವರು ಜಾಗ್ರತೆಗೆಂದು ಅದನ್ನೂ ದುಪ್ಪಟ್ಟು ಮಾಡಿ 10 ಪಟ್ಟು ಅಂದುಕೊಂಡಿದ್ದರು.

ಕೊನೆಗೆ ತಮ್ಮದೇ ಆಟವನ್ನು ಅಳೆದು ನೋಡಿದಾಗ ಬೇರೆಯೇ ಕಥೆ. ಹಾರ್ಡ್ ಡಿಸ್ಕ್‌ನಿಂದ ಆಡುವವರು ಸುಮಾರು 11 ಶೇಕಡ ಮಾತ್ರ. ಅವರಿಗೂ ಜಾಸ್ತಿ ಆದದ್ದು ಕೆಲವೇ ಸೆಕೆಂಡ್. ಏಕೆಂದರೆ ಈ ಆಟದಲ್ಲಿ ಲೋಡಿಂಗ್ ಸಮಯದ ಬಹುಪಾಲು ಹೋಗುತ್ತಿದ್ದದ್ದು ಡಿಸ್ಕಿನಿಂದ ಓದುವುದಕ್ಕಲ್ಲ, ಆಟದ ಮೈದಾನವನ್ನು ಲೆಕ್ಕ ಹಾಕಿ ಕಟ್ಟುವುದಕ್ಕೆ. ಎರಡೂ ಕೆಲಸ ಅಕ್ಕಪಕ್ಕದಲ್ಲೇ ನಡೆಯುತ್ತವೆ, ಕಟ್ಟುವ ಕೆಲಸ ಮುಗಿಯುವುದೇ ತಡ. ಡಿಸ್ಕ್ ಮೊದಲೇ ಮುಗಿಸಿ ಕಾಯುತ್ತಿತ್ತು.

ಇದು ಆಟದವರ ತಾಪತ್ರಯ ಎಂದು ಬಿಡುವ ಹಾಗಿಲ್ಲ. ಪೈಲಟ್ ತರಬೇತಿಯ ಸಿಮ್ಯುಲೇಟರ್, ಡ್ರೈವಿಂಗ್ ಸಿಮ್ಯುಲೇಟರ್, ನಗರಗಳ ತ್ರಿಡಿ ಮಾಡೆಲ್, ಆಪರೇಷನ್ ಕಲಿಸುವ ವಿಆರ್ (ವರ್ಚುವಲ್ ರಿಯಾಲಿಟಿ), ಎಲ್ಲದರಲ್ಲೂ ಪ್ರಶ್ನೆ ಒಂದೇ: ಮೆಮೊರಿಯಲ್ಲಿ ಹಿಡಿಸದಷ್ಟು ದೊಡ್ಡ ಲೋಕವನ್ನು ಒಂದು ಕ್ಷಣವೂ ತಡವರಿಸದೆ ತೋರಿಸುವುದು ಹೇಗೆ? ಈಗ ಅದು ಇನ್ನೂ ಜೋರಾಗಿ ಎದುರಿಗೆ ನಿಂತಿದೆ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಚಿಪ್ ಕಾರ್ಖಾನೆಗಳು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿದವು. ನಮ್ಮಲ್ಲಿ ಪಿಸಿ ಜೋಡಿಸುವವರೆಲ್ಲ ಕೊಳ್ಳುತ್ತಿದ್ದ ಕ್ರೂಶಿಯಲ್ ಬ್ರಾಂಡನ್ನು ಗ್ರಾಹಕ ಮಾರುಕಟ್ಟೆಯಿಂದ ತೆಗೆಯುವುದಾಗಿ ಮೈಕ್ರಾನ್ ಕಂಪನಿ ಅದೇ ಡಿಸೆಂಬರ್‌ನಲ್ಲಿ ಹೇಳಿತು. 'ಇನ್ನಷ್ಟು ರ‍್ಯಾಮ್ ಹಾಕಿಸಿಕೊಳ್ಳಿ' ಎಂದು ಬಳಕೆದಾರರಿಗೆ ಹೇಳಿ ಕೈತೊಳೆದುಕೊಳ್ಳುವ ಕಾಲ ಇದಲ್ಲ. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ದೊಡ್ಡ ಉಳಿತಾಯ ಸಿಗುವುದು ಯಾವ ಡೇಟಾ ಈಗ ಬೇಡ ಎಂದು ಸರಿಯಾಗಿ ಗುರುತಿಸುವುದರಿಂದ. ವೇಗದ ಡಿಸ್ಕ್, ದೊಡ್ಡ ಕಾರ್ಡ್ ಎಲ್ಲ ಆಮೇಲೆ.

ಮೊದಲು ಸಮಯದ ಲೆಕ್ಕ. ಸೆಕೆಂಡಿಗೆ 60 ಫ್ರೇಮ್ (ಪರದೆಗೆ ಬರುವ ಒಂದೊಂದು ಚಿತ್ರ) ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ವಿಆರ್ ಹೆಡ್‌ಸೆಟ್‌ನಲ್ಲಿ 90 ಫ್ರೇಮ್ ಅಂದರೆ 11.1 ಮಿಲಿಸೆಕೆಂಡ್. ಅಷ್ಟರೊಳಗೆ ಬಳಕೆದಾರ ಒತ್ತಿದ ಬಟನ್ ಓದಬೇಕು, ಭೌತಶಾಸ್ತ್ರದ ಲೆಕ್ಕ ಮುಗಿಸಬೇಕು, ಚಿತ್ರ ಬರೆಯಬೇಕು. ಇದರ ನಡುವೆ ಒಂದು ಟೆಕ್ಸ್ಚರ್ ಬಂದು 100 ಮಿಲಿಸೆಕೆಂಡ್ ದಾರಿ ಅಡ್ಡಗಟ್ಟಿತು ಅಂದುಕೊಳ್ಳಿ. ಆ ಸೆಕೆಂಡಿನ ಸರಾಸರಿ ತೆಗೆದರೆ ಇನ್ನೂ 55 ಫ್ರೇಮ್ ಕಾಣುತ್ತದೆ. ಅಂಕಿ ಚೆನ್ನಾಗಿಯೇ ಇದೆ, ಅಲ್ವಾ? ಆದರೆ ಕಣ್ಣಿಗೆ ಬೀಳುವುದು ಆ ಒಂದು ಜರ್ಕ್ ಮಾತ್ರ. ವಿಆರ್‌ನಲ್ಲಿ ಅಷ್ಟು ಸಾಕು, ತಲೆ ತಿರುಗುತ್ತದೆ. ಹಾಗಾಗಿ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ) ತೋರಿಸಿ 'ನಮ್ಮದು ಸಲೀಸಾಗಿದೆ' ಅನ್ನುವವರನ್ನು ನಾನು ನಂಬುವುದಿಲ್ಲ. ಅತಿ ನಿಧಾನದ ಶೇಕಡ 1ರಷ್ಟು ಫ್ರೇಮ್‌ಗಳು ಎಷ್ಟು ಹೊತ್ತು ತೆಗೆದುಕೊಂಡವು ಎಂದು ಕೇಳಬೇಕು.

ಇನ್ನು ಒಂದು ಟೆಕ್ಸ್ಚರ್ ಡಿಸ್ಕಿನಿಂದ ಪರದೆಗೆ ಬರುವ ದಾರಿ ನೋಡಿ. ಡಿಸ್ಕ್, ಅಲ್ಲಿಂದ ರ‍್ಯಾಮ್, ಅಲ್ಲಿ ಸಿಪಿಯು ಅದನ್ನು ಬಿಚ್ಚಬೇಕು (ಕುಗ್ಗಿಸಿಟ್ಟದ್ದನ್ನು ಮೂಲ ರೂಪಕ್ಕೆ ತರಬೇಕು), ಆಮೇಲೆ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿಗೆ, ಅಂದರೆ ವಿರ‍್ಯಾಮ್‌ಗೆ. ಒಂದೊಂದು ಹಂತದ ವೇಗಕ್ಕೂ ಅಜಗಜಾಂತರ. ತಿರುಗುವ ಹಾರ್ಡ್ ಡಿಸ್ಕ್ ಸಾಲಾಗಿ ಓದಿದರೂ ಸೆಕೆಂಡಿಗೆ 100ರಿಂದ 200 ಎಂಬಿ. ತಿರುಗುವ ಭಾಗವೇ ಇಲ್ಲದ ಸಾಟಾ ಎಸ್‌ಎಸ್‌ಡಿ 550 ಎಂಬಿ ಆಸುಪಾಸು. ನಾಲ್ಕನೇ ತಲೆಮಾರಿನ ಎನ್‌ವಿಎಂಇ, ಅಂದರೆ ಇನ್ನೂ ವೇಗದ ಎಸ್‌ಎಸ್‌ಡಿ, 7 ಜಿಬಿ ತನಕ. ಪಿಸಿಐ ಎಕ್ಸ್‌ಪ್ರೆಸ್ 4.0, 16 ಲೇನ್ (ಅಕ್ಕಪಕ್ಕದ ಡೇಟಾ ದಾರಿಗಳು) ಇದ್ದರೆ ಸುಮಾರು 32 ಜಿಬಿ. ಕಾರ್ಡಿನ ಒಳಗೆ ಹೋದ ಮೇಲೆ ನೂರಾರು ಜಿಬಿ. ನೀವು ಹೊಸ ಎಸ್‌ಎಸ್‌ಡಿ ಹಾಕಿದ ಮೇಲೂ ತಡವರಿಕೆ ನಿಲ್ಲದಿದ್ದರೆ ಕಾರಣ ಬಹುಶಃ ಡಿಸ್ಕ್ ಅಲ್ಲ, ಮುಂದಿನ ಯಾವುದೋ ಹಂತ.

ಈಗ ಗಾತ್ರ. ಇಲ್ಲಿ ತುಂಬಾ ಜನ ಎಡವುತ್ತಾರೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 4096×4096 ಅಳತೆಯ ಒಂದು ಟೆಕ್ಸ್ಚರ್‌ನಲ್ಲಿ ಸುಮಾರು 1 ಕೋಟಿ 67 ಲಕ್ಷ ಬಿಂದುಗಳಿವೆ (ಪಿಕ್ಸೆಲ್‌ಗಳು). ಒಂದೊಂದಕ್ಕೆ 4 ಬೈಟ್ ಅಂದರೆ 64 ಎಂಬಿ. ಅದರ ಜೊತೆ ಮಿಪ್‌ಮ್ಯಾಪ್ ಸೇರಿಸಬೇಕು, ಅಂದರೆ ಅದೇ ಚಿತ್ರದ ಅರ್ಧ, ಕಾಲು, ಅರೆಕಾಲು ಅಳತೆಯ ಪ್ರತಿಗಳು. ಅದಕ್ಕೆ ಇನ್ನೊಂದು ಮೂರನೇ ಒಂದು ಪಾಲು, ಒಟ್ಟು ಸುಮಾರು 85 ಎಂಬಿ. ಒಂದು ಗೋಡೆಗೆ ಬಣ್ಣದ್ದು, ಉಬ್ಬುತಗ್ಗಿನದು, ಹೊಳಪಿನದು ಅಂತ ಮೂರು ಟೆಕ್ಸ್ಚರ್ ಬೇಕಾದರೆ 256 ಎಂಬಿ. ಇಂಥ ನೂರು ಮೇಲ್ಮೈ ಇದ್ದರೆ 25 ಜಿಬಿ ದಾಟಿತು. ಫೋಲ್ಡರ್ ತೆರೆದು ನೋಡಿದರೆ ಮಾತ್ರ ಆ ಪಿಎನ್‌ಜಿ, ಜೆಪೆಗ್ ಫೈಲುಗಳು ತಲಾ ಕೆಲವೇ ಎಂಬಿ ಇರುತ್ತವೆ. 'ಇಷ್ಟೇ ತಾನೇ' ಅನಿಸುತ್ತದೆ. ಆದರೆ ಜಿಪಿಯುಗೆ, ಅಂದರೆ ಗ್ರಾಫಿಕ್ಸ್ ಕಾರ್ಡಿನ ಚಿಪ್‌ಗೆ, ಪಿಎನ್‌ಜಿ ಓದಲು ಬರುವುದಿಲ್ಲ. ಅದು ಬೇಕೆಂದಾಗ ಬೇಕಾದ ಬಿಂದುವನ್ನು ನೇರವಾಗಿ ಹೋಗಿ ಎತ್ತಿಕೊಳ್ಳಬೇಕು, ಜೆಪೆಗ್‌ನಲ್ಲಿ ಅದು ಸಾಧ್ಯವಿಲ್ಲ. ಹಾಗಾಗಿ ಪೂರ್ತಿ ಬಿಚ್ಚಿ 64 ಎಂಬಿ ಮಾಡಿಯೇ ಕೊಡಬೇಕು. ಬಿಚ್ಚುವ ಕೆಲಸಕ್ಕೆ ಸಿಪಿಯು ಸಮಯ, ಸಾಗಿಸುವುದಕ್ಕೆ ದಾರಿ, ಇಡುವುದಕ್ಕೆ ವಿರ‍್ಯಾಮ್, ಮೂರೂ ಖರ್ಚು.

ಇದಕ್ಕೆ ಪರಿಹಾರ ಹಳೆಯದೇ. 1990ರ ದಶಕದ ಕೊನೆಯಲ್ಲಿ ಎಸ್3 ಎಂಬ ಕಂಪನಿ ಚಿತ್ರವನ್ನು 4×4 ಬಿಂದುಗಳ ಚೌಕಗಳಾಗಿ ಒಡೆದು ಪ್ರತಿ ಚೌಕವನ್ನೂ ಒಂದೇ ಗಾತ್ರಕ್ಕೆ ಕುಗ್ಗಿಸುವ ವಿಧಾನ ತಂದಿತು. 1998ರಲ್ಲಿ ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್ಎಕ್ಸ್ 6ಕ್ಕೆ ಅದು ಸೇರಿತು. ಈಗಿನ ಬಿಸಿ7 ವಿಧಾನದಲ್ಲಿ ಒಂದು ಚೌಕಕ್ಕೆ 16 ಬೈಟ್, ಅಂದರೆ ಬಿಂದುವಿಗೆ 1 ಬೈಟ್. ನಮ್ಮ 64 ಎಂಬಿ ಟೆಕ್ಸ್ಚರ್ 16 ಎಂಬಿ ಆಯಿತು, ನೂರು ಮೇಲ್ಮೈಗಳ 25 ಜಿಬಿ ಸುಮಾರು 6.4 ಜಿಬಿ ಆಯಿತು. ಎಲ್ಲ ಚೌಕದ ಗಾತ್ರವೂ ಒಂದೇ ಆಗಿರುವುದರಿಂದ ಜಿಪಿಯು ಬೇಕಾದ ಚೌಕಕ್ಕೆ ನೇರವಾಗಿ ಹೋಗುತ್ತದೆ, ವಿರ‍್ಯಾಮ್‌ನಲ್ಲೂ ಅದು ಕುಗ್ಗಿದ ರೂಪದಲ್ಲೇ ಇರುತ್ತದೆ. ಮೊಬೈಲ್‌ಗಳಲ್ಲಿ ಇದೇ ಕೆಲಸಕ್ಕೆ ಎಎಸ್‌ಟಿಸಿ ಇದೆ. ಒಂದೇ ಫೈಲು ಎಲ್ಲ ಕಡೆ ನಡೆಯಲಿ ಅಂದರೆ ಕೆಟಿಎಕ್ಸ್2 ಫೈಲಿನಲ್ಲಿ ಬೇಸಿಸ್ ಯೂನಿವರ್ಸಲ್ ರೂಪದಲ್ಲಿಟ್ಟು, ಲೋಡ್ ಆಗುವಾಗ ಆಯಾ ಯಂತ್ರಕ್ಕೆ ತಕ್ಕ ಹಾಗೆ ಬದಲಿಸಿಕೊಳ್ಳಬಹುದು. ಕುಗ್ಗಿಸುವ ಕೆಲಸ ನಿಧಾನದ್ದು, ಆದ್ದರಿಂದ ಅದನ್ನು ಬಿಲ್ಡ್ ಮಾಡುವಾಗಲೇ (ಪ್ರೋಗ್ರಾಂ ಸಿದ್ಧಪಡಿಸುವಾಗಲೇ) ಮುಗಿಸಿಡಬೇಕು. ವೆಬ್‌ನಲ್ಲಿ ತ್ರಿಡಿ ಮಾಡುವವರಿಗೆ ನಾನು ಮೊದಲು ಹೇಳುವುದೇ ಇದು. ಬೇರೆ ಏನೂ ಮಾಡದಿದ್ದರೂ ಇದೊಂದು ಮಾಡಿ, ಕಡಿಮೆ ಬೆಲೆಯ ಫೋನಿನಲ್ಲೂ ನಿಮ್ಮ ಪುಟ ತೆರೆಯುತ್ತದೆ.

ಆದರೆ ಕುಗ್ಗಿಸುವುದು ಅರ್ಧ ಕೆಲಸ ಅಷ್ಟೇ. ಅಸಲಿ ಪ್ರಶ್ನೆ ಇದು: ಪರದೆಯಲ್ಲಿ ಎಷ್ಟು ಬಿಂದುಗಳಿವೆ? 1920×1080 ಅಂದರೆ ಸುಮಾರು 20.7 ಲಕ್ಷ. ನಮ್ಮ ಒಂದೇ ಒಂದು ಟೆಕ್ಸ್ಚರ್‌ನಲ್ಲಿ ಅದರ 8 ಪಟ್ಟು ಬಿಂದುಗಳಿವೆ! ಅಂದರೆ ಗೋಡೆಗೆ ಮೂಗು ತಾಗಿಸಿ ನಿಂತರೂ ಪೂರ್ತಿ ಟೆಕ್ಸ್ಚರ್ ಅದರ ಎಲ್ಲ ವಿವರದ ಸಮೇತ ಒಟ್ಟಿಗೆ ಕಾಣಲು ಸಾಧ್ಯವೇ ಇಲ್ಲ. ಹತ್ತಿರ ಹೋದರೆ ಒಂದು ತುಂಡು ಮಾತ್ರ ಕಾಣುತ್ತದೆ. ದೂರ ಹೋದರೆ ಪೂರ್ತಿ ಕಾಣುತ್ತದೆ, ಆದರೆ ಚಿಕ್ಕದಾಗಿ, ಅದಕ್ಕೆ ಸಣ್ಣ ಮಿಪ್ ಸಾಕು. ಲೋಕ ಎಷ್ಟೇ ದೊಡ್ಡದಿರಲಿ, ಒಂದು ಫ್ರೇಮಿಗೆ ಬೇಕಾದ ವಿವರಕ್ಕೆ ಪರದೆಯೇ ಮಿತಿ. ಇಡೀ ಕರ್ನಾಟಕದ ನೆಲವನ್ನು ತೋರಿಸಿದರೂ, ಒಂದು ಕೋಣೆಯನ್ನು ತೋರಿಸಿದರೂ ಪರದೆಯ ಬಿಂದುಗಳ ಸಂಖ್ಯೆ ಬದಲಾಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಹಾಸಿಗೆ ಅಂದರೆ ಪರದೆ.

ಈ ತಿಳಿವಳಿಕೆ ಹೊಸದಲ್ಲ. ದೂರದ ವಸ್ತುವಿಗೆ ಕಡಿಮೆ ವಿವರದ ಮಾಡೆಲ್ ಸಾಕು ಎಂದು ಜೇಮ್ಸ್ ಕ್ಲಾರ್ಕ್ 1976ರಲ್ಲೇ ಬರೆದರು. ಮಿಪ್‌ಮ್ಯಾಪ್ ಬಗ್ಗೆ ಲ್ಯಾನ್ಸ್ ವಿಲಿಯಮ್ಸ್ 1983ರಲ್ಲಿ ಬರೆದರು. 1998ರಲ್ಲಿ ಸಿಲಿಕಾನ್ ಗ್ರಾಫಿಕ್ಸ್‌ನ ಟ್ಯಾನರ್, ಮಿಗ್ಡಾಲ್ ಮತ್ತು ಜೋನ್ಸ್ ಕ್ಲಿಪ್‌ಮ್ಯಾಪ್ ಎಂಬ ವಿಧಾನ ತೋರಿಸಿದರು. ಮೆಮೊರಿಯಲ್ಲಿ ಹಿಡಿಸಲಾರದಷ್ಟು ದೊಡ್ಡ ಭೂಮಿಯ ಚಿತ್ರದಲ್ಲಿ, ನೋಡುವವರ ಸುತ್ತಲಿನ ಭಾಗವನ್ನು ಮಾತ್ರ ಪೂರ್ತಿ ವಿವರದಲ್ಲಿ ಇಟ್ಟುಕೊಂಡು, ಅವರು ಸರಿದ ಹಾಗೆ ಅಂಚುಗಳನ್ನು ಮಾತ್ರ ಹೊಸದಾಗಿ ತುಂಬುವುದು ಅದರ ತಿರುಳು. ಆ ತಂಡದ ಕೆಲವರು ಮುಂದೆ ಕೀಹೋಲ್ ಕಂಪನಿಯಲ್ಲಿ ಕೆಲಸ ಮಾಡಿದರು. 2004ರಲ್ಲಿ ಗೂಗಲ್ ಅದನ್ನು ಕೊಂಡಿತು. ಗೂಗಲ್ ಅರ್ಥ್ ಬಂದದ್ದು ಅಲ್ಲಿಂದಲೇ.

ಇದೇ ಜಾಡಿನಲ್ಲಿ ವರ್ಚುವಲ್ ಟೆಕ್ಸ್ಚರಿಂಗ್ ಬಂತು. ಟೆಕ್ಸ್ಚರ್‌ಗಳನ್ನೆಲ್ಲ 128×128ರ ತುಂಡುಗಳಾಗಿ ಒಡೆದಿಡಿ. ಯಾವ ತುಂಡು ಯಾವ ಮಿಪ್ ಅಳತೆಯಲ್ಲಿ ಬೇಕು ಎಂದು ಚಿತ್ರ ಬರೆಯುವಾಗ ಜಿಪಿಯು ತಾನೇ ಬರೆದಿಡಲಿ. ಸಿಪಿಯು ಆ ಪಟ್ಟಿ ನೋಡಿ ಅಷ್ಟನ್ನು ಮಾತ್ರ ತರಲಿ. ಲೆಕ್ಕ ಹಾಕಿ ನೋಡಿ: 20.7 ಲಕ್ಷ ಬಿಂದುಗಳನ್ನು ಮುಚ್ಚಲು ಕನಿಷ್ಠ 127 ತುಂಡು ಬೇಕು. ಅಂಚುಗಳು, ಓರೆ ಮೇಲ್ಮೈಗಳು ಎಲ್ಲ ಸೇರಿ ಹತ್ತು ಪಟ್ಟು ಅಂದುಕೊಂಡರೂ ಸುಮಾರು 1,270. ಬಿಸಿ7ನಲ್ಲಿ ಒಂದು ತುಂಡು 16 ಕೆಬಿ, ಒಟ್ಟು 20 ಎಂಬಿ. ಮೂರು ಪದರ ಇದ್ದರೆ 60 ಎಂಬಿ. ಸುತ್ತಮುತ್ತಲಿನದನ್ನೂ ಮುಂಚಿತವಾಗಿ ಇಟ್ಟುಕೊಳ್ಳಬೇಕಾದ್ದರಿಂದ ವಾಸ್ತವದಲ್ಲಿ ಕೆಲವು ನೂರು ಎಂಬಿ ಬೇಕಾಗುತ್ತದೆ. ಆದರೂ 6.4 ಜಿಬಿ ಎಲ್ಲಿ, ಇದೆಲ್ಲಿ!

ಹಾಗಾದರೆ ತೊಂದರೆ ಏನು? ಪಟ್ಟಿ ಬಂದ ಮೇಲೆ ತರುವುದು, ಅಷ್ಟರಲ್ಲಿ ಕೆಲವು ಫ್ರೇಮ್ ಕಳೆದಿರುತ್ತವೆ. 2011ರಲ್ಲಿ ಐಡಿ ಸಾಫ್ಟ್‌ವೇರ್‌ನ ರೇಜ್ ಆಟ ಈ ವಿಧಾನವನ್ನು ದೊಡ್ಡ ಮಟ್ಟದಲ್ಲಿ ಬಳಸಿತು. ಆಟಗಾರ ಗಿರಕ್ಕನೆ ಹಿಂದೆ ತಿರುಗಿದರೆ ಗೋಡೆಗಳು ಮೊದಲು ಮಸುಕಾಗಿ ಕಂಡು ಆಮೇಲೆ ಚೊಕ್ಕ ಆಗುತ್ತಿದ್ದವು. ಜನ ಸಿಟ್ಟಾದರು. ಆದರೆ ನಾನು ಇದನ್ನು ಸೋಲು ಅನ್ನುವುದಿಲ್ಲ. ಮಸುಕಾಗಿ ಕಾಣುವುದಕ್ಕೂ ನಿಂತುಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ. ಸಿಮ್ಯುಲೇಟರ್‌ನಲ್ಲಂತೂ ಅರ್ಧ ಸೆಕೆಂಡ್ ಮಸುಕು ನೆಲ ಸಹಿಸಬಹುದು, ಅರ್ಧ ಸೆಕೆಂಡ್ ಸ್ತಬ್ಧವಾದ ಪರದೆ ಸಹಿಸಲಾಗದು. ಅದಕ್ಕೆ ಎಲ್ಲ ಟೆಕ್ಸ್ಚರ್‌ಗಳ ಅತಿ ಸಣ್ಣ ಮಿಪ್‌ಗಳನ್ನು ಸದಾ ಮೆಮೊರಿಯಲ್ಲೇ ಇಟ್ಟಿರಬೇಕು. 128×128ರ ಮಿಪ್ 16 ಕೆಬಿ ಮಾತ್ರ, ಸಾವಿರ ಟೆಕ್ಸ್ಚರ್ ಇದ್ದರೂ 16 ಎಂಬಿ ಸಾಕು. ಆಗ ತೋರಿಸಲು ಏನೂ ಇಲ್ಲ ಅನ್ನುವ ಸ್ಥಿತಿ ಬರುವುದೇ ಇಲ್ಲ.

ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಇದೆಲ್ಲ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ಡಿಆರ್‌ಡಿಒದ ಎಡಿಇ ಪ್ರಯೋಗಾಲಯ ದಶಕಗಳಿಂದ ಫ್ಲೈಟ್ ಸಿಮ್ಯುಲೇಟರ್‌ಗಳ ಮೇಲೆ ಕೆಲಸ ಮಾಡುತ್ತಾ ಬಂದಿದೆ, ಹಾಗಾಗಿ ಈ ವಿಷಯ ನಮ್ಮೂರಿಗೆ ಹೊಸದೇನಲ್ಲ. ಒಂದು ಉದಾಹರಣೆಗೆ ಮಂಗಳೂರು ವಿಮಾನ ನಿಲ್ದಾಣ ತೆಗೆದುಕೊಳ್ಳೋಣ. ಗುಡ್ಡದ ತಲೆ ಸಮ ಮಾಡಿ ಕಟ್ಟಿದ ರನ್‌ವೇ, ತುದಿಯಲ್ಲಿ ನೆಲ ಒಮ್ಮೆಲೇ ಕೆಳಗೆ ಇಳಿಯುತ್ತದೆ. ಕಡಿಮೆ ವಿವರದ ನೆಲದ ಮಾಡೆಲ್‌ನಲ್ಲಿ ಆ ಅಂಚು ಸವೆದು ಇಳಿಜಾರಾಗಿ ಕಾಣುತ್ತದೆ. ತರಬೇತಿ ಪಡೆಯುವವರಿಗೆ ಅದು ತಪ್ಪು ಪಾಠ. ಹಾಗಾದರೆ ಎಷ್ಟು ದೂರದಲ್ಲಿ ಪೂರ್ತಿ ವಿವರ ತರಬೇಕು?

ಇದಕ್ಕೆ ಅಂದಾಜು ಬೇಕಿಲ್ಲ, ಲೆಕ್ಕ ಇದೆ. ಕಡಿಮೆ ವಿವರದ ತುಂಡು ನಿಜವಾದ ನೆಲಕ್ಕಿಂತ ಎಷ್ಟು ಮೀಟರ್ ತಪ್ಪಿದೆ ಎಂದು ಮೊದಲೇ ಬರೆದಿಟ್ಟಿರುತ್ತಾರೆ. ಆ ತಪ್ಪು ಈಗ ಪರದೆಯ ಮೇಲೆ ಎಷ್ಟು ಬಿಂದು ಆಗುತ್ತದೆ ಎಂದು ದೂರದಿಂದ ಲೆಕ್ಕ ಹಾಕುತ್ತಾರೆ. 1080 ಸಾಲಿನ ಪರದೆ, 60 ಡಿಗ್ರಿ ನೋಟ ಇದ್ದರೆ, 20 ಮೀಟರ್ ತಪ್ಪು 10 ಕಿಲೋಮೀಟರ್ ದೂರದಲ್ಲಿ 2 ಬಿಂದುವಿಗಿಂತ ಕಡಿಮೆ. 1 ಕಿಲೋಮೀಟರ್ ದೂರದಲ್ಲಿ ಸುಮಾರು 19 ಬಿಂದು. ತ್ರಿಡಿ ಟೈಲ್ಸ್ ಎಂಬ ಮುಕ್ತ ಮಾನದಂಡ ನಡೆಯುವುದು ಹೀಗೆಯೇ, ಗೂಗಲ್ 2023ರಲ್ಲಿ ತನ್ನ ನಗರಗಳ ತ್ರಿಡಿ ಮಾಡೆಲ್‌ಗಳನ್ನು ಡೆವಲಪರ್‌ಗಳಿಗೆ ಬಿಟ್ಟದ್ದೂ ಇದೇ ರೂಪದಲ್ಲಿ. ಬ್ರೌಸರ್‌ನಲ್ಲಿ ಭೂಪಟ ತೋರಿಸುವ ಸೀಸಿಯಂಜೆಎಸ್ ಎಂಬ ತಂತ್ರಾಂಶದಲ್ಲಿ ಈ ತಪ್ಪಿನ ಮಿತಿ ಮೊದಲಿಗೆ 16 ಬಿಂದು ಎಂದು ಇರುತ್ತದೆ. ಆ ಮಿತಿ ಇಟ್ಟರೆ ನಮ್ಮ ಗುಡ್ಡದ ಅಂಚು ಸುಮಾರು 1.2 ಕಿಲೋಮೀಟರ್ ಹತ್ತಿರ ಬಂದಾಗ ಚೊಕ್ಕ ಆಗುತ್ತದೆ. ಇಳಿಯುವ ವಿಮಾನದ ವೇಗ ಸೆಕೆಂಡಿಗೆ 70 ಮೀಟರ್ ಅಂದುಕೊಂಡರೆ ನೆಲ ಮುಟ್ಟಲು 16, 17 ಸೆಕೆಂಡ್ ಮಾತ್ರ ಉಳಿದಿರುತ್ತದೆ. ಭೂಪಟ ನೋಡಲು ಇದು ಸಾಕು, ತರಬೇತಿಗೆ ಸಾಲದು. ಮಿತಿಯನ್ನು 2 ಬಿಂದುವಿಗೆ ಇಳಿಸಿದರೆ 9 ಕಿಲೋಮೀಟರ್ ದೂರದಲ್ಲೇ ಬರುತ್ತದೆ, ಎರಡು ನಿಮಿಷಕ್ಕಿಂತ ಜಾಸ್ತಿ ಸಮಯ ಸಿಗುತ್ತದೆ. ನೆಲದ ಎಲ್ಲ ತುಂಡಿಗೂ 2 ಬಿಂದುವಿನ ಮಿತಿ ಇಟ್ಟರೆ ಹೊರೆ ಜಾಸ್ತಿ. ರನ್‌ವೇ ಸುತ್ತಲಿನ ತುಂಡುಗಳಿಗೆ ಮಾತ್ರ ಇಟ್ಟರೆ ಏನೂ ಕಷ್ಟ ಇಲ್ಲ. ಎಲ್ಲಿ ವಿವರ ಮುಖ್ಯ ಎಂದು ತೀರ್ಮಾನಿಸಬೇಕಾದವರು ಆ ವಿಷಯ ಬಲ್ಲವರು, ಎಂಜಿನ್ ತಾನಾಗಿ ಅದನ್ನು ಹೇಳಲಾರದು.

ವಿಮಾನದ ಇನ್ನೊಂದು ಅನುಕೂಲ, ಅದು ಎತ್ತ ಹೋಗುತ್ತಿದೆ ಎಂದು ಮೊದಲೇ ಗೊತ್ತು. ಮುಂದಿನ 30 ಸೆಕೆಂಡಿನಲ್ಲಿ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಿ ಆ ದಿಕ್ಕಿನ ತುಂಡುಗಳನ್ನು ಮೊದಲು ತರಿಸಬಹುದು. ಕಷ್ಟ ಬರುವುದು ಪೈಲಟ್ ತಲೆ ತಿರುಗಿಸಿದಾಗ. ವಿಮಾನ ಒಂದು ಸೆಕೆಂಡಿನಲ್ಲಿ 90 ಡಿಗ್ರಿ ತಿರುಗುವುದಿಲ್ಲ, ತಲೆ ತಿರುಗುತ್ತದೆ. ಹಾಗಾಗಿ ಕಾಣುವ ಭಾಗ ಮಾತ್ರ ಸಾಕು ಎಂದು ಉಳಿದದ್ದನ್ನು ಕೂಡಲೇ ಹೊರಹಾಕಬಾರದು.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಇದೇ ಹಾದಿಯನ್ನು ಇಂಟರ್ನೆಟ್ ತನಕ ಒಯ್ದಿತು. 2020ರಲ್ಲಿ ಬಂದಾಗ 2 ಪೆಟಾಬೈಟ್‌ಗೂ (ಸುಮಾರು 20 ಲಕ್ಷ ಜಿಬಿ) ಹೆಚ್ಚು ಭೂಪಟದ ಡೇಟಾ ಕ್ಲೌಡ್‌ನಲ್ಲಿತ್ತು. ಹಾಗಿದ್ದೂ ಯೂರೋಪಿನಲ್ಲಿ ಮಾರಿದ ಡಬ್ಬಿಯಲ್ಲಿ 10 ಡಿವಿಡಿಗಳಿದ್ದವು. 2024ರ ನವೆಂಬರ್ 19ರಂದು ಬಂದ ಹೊಸ ಆವೃತ್ತಿಯಲ್ಲಿ ವಿಮಾನಗಳನ್ನೂ ಸೇರಿಸಿ ಬಹುತೇಕ ಎಲ್ಲವನ್ನೂ ಬೇಕಾದಾಗ ಸರ್ವರ್‌ನಿಂದ ತರುವ ವ್ಯವಸ್ಥೆ ಮಾಡಿದರು. ಡಿಸ್ಕ್ ಹಗುರ ಆಯಿತು. ಆದರೆ ಮೊದಲ ದಿನವೇ ಸರ್ವರ್‌ಗಳು ಕೈಕೊಟ್ಟವು. 2 ಲಕ್ಷ ಬಳಕೆದಾರರನ್ನು ಅನುಕರಿಸಿ ಪರೀಕ್ಷೆ ಮಾಡಿದ್ದರೂ ನಿಜವಾದ ಜನ ಬಂದಾಗ ಡೇಟಾಬೇಸ್‌ನ ಕ್ಯಾಶ್ (ಪದೇ ಪದೇ ಬೇಕಾದ್ದನ್ನು ಕೈಗೆಟುಕುವ ಹಾಗೆ ಇಡುವ ಜಾಗ) ತಡೆದುಕೊಳ್ಳಲಿಲ್ಲ. ಲೋಡಿಂಗ್ ನಿಂತುಹೋಯಿತು, ಕೆಲವರಿಗೆ ವಿಮಾನಗಳೇ ಕಾಣಲಿಲ್ಲ. ಇದರಿಂದ ಸ್ಟ್ರೀಮಿಂಗ್ ಕೆಟ್ಟದ್ದು ಅನ್ನುವ ತೀರ್ಮಾನಕ್ಕೆ ಬರುವುದು ತಪ್ಪು. ದೂರದ ಹೊಲದ ಚಿತ್ರ ಬರದಿದ್ದರೆ ಮಸುಕು ಚಿತ್ರ ತೋರಿಸಿ ಮುಂದುವರಿಯಬಹುದು, ಕೂತಿರುವ ವಿಮಾನವೇ ಬರದಿದ್ದರೆ ಏನು ತೋರಿಸುವುದು? ಯಾವುದಕ್ಕೆ ಬದಲಿ ಇಲ್ಲವೋ ಅದು ಬಳಕೆದಾರರ ಡಿಸ್ಕ್‌ನಲ್ಲೇ ಇರಬೇಕು.

ಇನ್ನು ಡೇಟಾವನ್ನು ಕಾರ್ಡಿಗೆ ಸಾಗಿಸುವ ಹಂತ. ಇಲ್ಲಿ ಹೆಚ್ಚಿನ ಜರ್ಕ್‌ಗಳಿಗೆ ಕಾರಣ ಒಂದೇ, ಎಲ್ಲವನ್ನೂ ಚಿತ್ರ ಬರೆಯುವ ಥ್ರೆಡ್‌ನಲ್ಲೇ (ಪ್ರೋಗ್ರಾಂನಲ್ಲಿ ಒಂದರ ಹಿಂದೆ ಒಂದು ಕೆಲಸ ಮಾಡುವ ಎಳೆ) ಮಾಡುವುದು. ಓದುವುದು, ಬಿಚ್ಚುವುದು ಬೇರೆ ಥ್ರೆಡ್‌ನಲ್ಲಿರಲಿ. ಸಾಗಿಸುವುದಕ್ಕೆ ವಲ್ಕನ್, ಡೈರೆಕ್ಟ್ಎಕ್ಸ್ 12 ಎಂಬ ಗ್ರಾಫಿಕ್ಸ್ ವ್ಯವಸ್ಥೆಗಳಲ್ಲಿ ಪ್ರತ್ಯೇಕ ಸಾಲು ಇದೆ, ಜಿಪಿಯು ಚಿತ್ರ ಬರೆಯುತ್ತಿರುವಾಗಲೇ ಅದರ ಕಾಪಿ ಎಂಜಿನ್ ಆ ಸಾಲಿನ ಕೆಲಸ ಮಾಡುತ್ತದೆ. ಪ್ರತಿ ಫ್ರೇಮಿಗೆ ಒಂದು ಮಿತಿ ಇಡಿ. ಫ್ರೇಮಿಗೆ 4 ಎಂಬಿ ಅಂದರೂ 60 ಫ್ರೇಮಿಗೆ ಸೆಕೆಂಡಿಗೆ 240 ಎಂಬಿ ಆಗುತ್ತದೆ, ಸಾಮಾನ್ಯ ಓಡಾಟಕ್ಕೆ ಅದು ಧಾರಾಳ. ಪ್ರತಿ ಸಲ ಹೊಸದಾಗಿ ಮೆಮೊರಿ ಕೇಳುವುದೂ ದುಬಾರಿ, ಮೊದಲೇ ಒಂದು ದೊಡ್ಡ ಭಾಗ ತೆಗೆದಿಟ್ಟುಕೊಂಡು ಅದರೊಳಗೇ ಹಂಚಿಕೊಳ್ಳುವುದು ಒಳ್ಳೆಯದು. ಬ್ರೌಸರ್‌ನಲ್ಲಾದರೆ ಚಿತ್ರ ಬಿಚ್ಚುವ ಕೆಲಸವನ್ನು ಹಿನ್ನೆಲೆಯಲ್ಲಿ ಓಡುವ ವರ್ಕರ್‌ಗೆ ಕೊಡಿ.

ವಿರ‍್ಯಾಮ್ ತುಂಬಿದಾಗ ಏನಾಗುತ್ತದೆ ಎಂಬುದು ಈಗ ದೊಡ್ಡ ಚರ್ಚೆ, 8 ಜಿಬಿ ಕಾರ್ಡ್‌ಗಳ ಕಾರಣ. ತುಂಬಿದರೆ ಪ್ರೋಗ್ರಾಂ ನಿಲ್ಲುವುದಿಲ್ಲ. ವಿಂಡೋಸ್ ಸದ್ದಿಲ್ಲದೆ ಕೆಲವು ಡೇಟಾವನ್ನು ರ‍್ಯಾಮ್‌ಗೆ ತಳ್ಳುತ್ತದೆ. ಆಮೇಲೆ ಜಿಪಿಯುಗೆ ಅದು ಬೇಕಾದಾಗ ಪಿಸಿಐ ಎಕ್ಸ್‌ಪ್ರೆಸ್ ದಾಟಿ ಬರಬೇಕು. ಆರ್‌ಟಿಎಕ್ಸ್ 4060 ಕಾರ್ಡಿನ ಸ್ವಂತ ಮೆಮೊರಿ ವೇಗ ಸೆಕೆಂಡಿಗೆ 272 ಜಿಬಿ. ಆದರೆ ಅದಕ್ಕೆ 8 ಲೇನ್ ಮಾತ್ರ. ಹಳೆಯ ಪಿಸಿಐ 3.0 ಮದರ್‌ಬೋರ್ಡಿನಲ್ಲಿ ಹಾಕಿದರೆ ಆ ದಾರಿಯ ವೇಗ ಸುಮಾರು 8 ಜಿಬಿ. 272 ಎಲ್ಲಿ, 8 ಎಲ್ಲಿ! ನಮ್ಮ ಕಡೆ ಮದರ್‌ಬೋರ್ಡ್ ಹಳೆಯದೇ ಇಟ್ಟುಕೊಂಡು ಕಾರ್ಡ್ ಮಾತ್ರ ಹೊಸದು ಹಾಕಿಸಿಕೊಳ್ಳುವುದು ಸಾಮಾನ್ಯ, ಅಂಥವರಿಗೇ ಈ ಏಟು ಜಾಸ್ತಿ. ಆದ್ದರಿಂದ ಎಷ್ಟು ವಿರ‍್ಯಾಮ್ ಬಾಕಿ ಇದೆ ಎಂದು ಆಪರೇಟಿಂಗ್ ಸಿಸ್ಟಮ್‌ಅನ್ನು ಕೇಳುತ್ತಾ ಇರಬೇಕು, ಮಿತಿ ಮುಟ್ಟುವ ಮೊದಲೇ ಬಹಳ ಹೊತ್ತಿನಿಂದ ಬಳಸದ ದೊಡ್ಡ ಮಿಪ್‌ಗಳನ್ನು ಬಿಡಬೇಕು. ಬಿಟ್ಟದ್ದನ್ನು ಮರುಕ್ಷಣವೇ ಮತ್ತೆ ತರಿಸುವ ಹಾಗಾಗಬಾರದು, ತರುವ ದೂರಕ್ಕಿಂತ ಬಿಡುವ ದೂರ ಸ್ವಲ್ಪ ಜಾಸ್ತಿ ಇರಲಿ.

ಹಾರ್ಡ್‌ವೇರ್ ಕಡೆಯಿಂದಲೂ ಸಹಾಯ ಬಂದಿದೆ. 2020ರ ಪಿಎಸ್5 ಗೇಮ್ ಯಂತ್ರದಲ್ಲಿ ಎಸ್‌ಎಸ್‌ಡಿ ಸೆಕೆಂಡಿಗೆ 5.5 ಜಿಬಿ ಓದುತ್ತದೆ, ಡೇಟಾ ಬಿಚ್ಚುವುದಕ್ಕೆ ಪ್ರತ್ಯೇಕ ಚಿಪ್ ಭಾಗವೇ ಇದೆ. ಪಿಸಿಗೆ 2022ರ ಮಾರ್ಚ್‌ನಲ್ಲಿ ಡಿಸ್ಕಿನಿಂದ ಡೇಟಾ ಬೇಗ ತರುವ ಡೈರೆಕ್ಟ್‌ಸ್ಟೋರೇಜ್ ವ್ಯವಸ್ಥೆ ಬಂತು, ಅದೇ ವರ್ಷದ ನವೆಂಬರ್‌ನಲ್ಲಿ ಜಿಪಿಯುನಲ್ಲೇ ಡೇಟಾ ಬಿಚ್ಚುವ ಸೌಲಭ್ಯವೂ ಸೇರಿತು. ಸಾವಿರಾರು ಸಣ್ಣ ಓದುಗಳನ್ನು ಒಟ್ಟಿಗೆ ಕೇಳಬಹುದು, ಸಿಪಿಯು ಹಗುರ ಆಗುತ್ತದೆ. ಒಳ್ಳೆಯದೇ. ಆದರೆ ಪಿಸಿಯಲ್ಲಿ ಬಿಚ್ಚುವ ಕೆಲಸ ಮಾಡುವುದು ಚಿತ್ರ ಬರೆಯುವ ಅದೇ ಜಿಪಿಯು. ಅದಕ್ಕೆ ಆಗಲೇ ಕೈತುಂಬ ಕೆಲಸ ಇದ್ದರೆ ಫ್ರೇಮ್ ಬೀಳುತ್ತದೆ. ಲೋಡಿಂಗ್ ಪರದೆಯಲ್ಲಿ ಅದು ಲಾಭ, ಹಾರಾಟದ ಮಧ್ಯೆ ಲಾಭವೋ ನಷ್ಟವೋ ಎಂದು ನಿಮ್ಮ ಪ್ರೋಗ್ರಾಂನಲ್ಲೇ ನೋಡಬೇಕು.

ಅಳೆಯದೆ ಊಹಿಸಿದರೆ ಎಷ್ಟು ದೂರ ದಾರಿ ತಪ್ಪಬಹುದು ಎಂಬುದಕ್ಕೆ ಜಿಟಿಎ ಆನ್‌ಲೈನ್ ಉದಾಹರಣೆ ಇದೆ. ವರ್ಷಗಟ್ಟಲೆ ಜನ ನಿಮಿಷಗಟ್ಟಲೆ ಲೋಡಿಂಗ್ ಪರದೆ ನೋಡುತ್ತಾ ಕೂತರು. ದೊಡ್ಡ ಆಟ, ಅಷ್ಟು ಗ್ರಾಫಿಕ್ಸ್, ಹಾಗೇ ಇರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. 2021ರಲ್ಲಿ ಒಬ್ಬ ಹವ್ಯಾಸಿ, ಸಮಯ ಎಲ್ಲಿ ಹೋಗುತ್ತಿದೆ ಎಂದು ತೋರಿಸುವ ಪ್ರೊಫೈಲರ್ ಎಂಬ ಸಾಧನ ಹಾಕಿ ನೋಡಿದರು. ಸಮಯ ತಿನ್ನುತ್ತಿದ್ದದ್ದು 10 ಎಂಬಿಯ ಒಂದು ಜೇಸನ್ ಪಠ್ಯ, 63,000 ಸಾಮಾನುಗಳ ಪಟ್ಟಿ. ಒಂದೊಂದು ಪದ ಓದುವಾಗಲೂ ಉಳಿದ ಪಠ್ಯದ ಉದ್ದವನ್ನು ಕೊನೆಯ ತನಕ ಹೊಸದಾಗಿ ಎಣಿಸುತ್ತಿತ್ತು. ಸರಿಪಡಿಸಿದಾಗ ಲೋಡಿಂಗ್ ಸಮಯ ಸುಮಾರು 70 ಶೇಕಡ ಇಳಿಯಿತು. ಆಟದ ಕಂಪನಿ ರಾಕ್‌ಸ್ಟಾರ್ ಅದನ್ನು ಒಪ್ಪಿ ಆಟಕ್ಕೆ ಸೇರಿಸಿ ಅವರಿಗೆ 10,000 ಡಾಲರ್ ಬಹುಮಾನ ಕೊಟ್ಟಿತು. ಟೆಕ್ಸ್ಚರ್, ಡಿಸ್ಕ್, ಜಿಪಿಯು ಯಾವುದರದೂ ತಪ್ಪಿರಲಿಲ್ಲ.

ತ್ರಿಡಿ ಮಾಡೆಲ್‌ಗಳಲ್ಲೂ ಇದೇ ಪಾಡು. ಒಬಿಜೆ ಫೈಲ್ ಅಂದರೆ ಪಠ್ಯ, ಪ್ರತಿ ಸಂಖ್ಯೆಯನ್ನೂ ಅಕ್ಷರ ಅಕ್ಷರವಾಗಿ ಓದಬೇಕು. 2017ರಲ್ಲಿ ಬಂದ ಜಿಎಲ್‌ಟಿಎಫ್ 2.0 ಅದನ್ನು ಬಿಟ್ಟಿತು. ಜಿಪಿಯುಗೆ ಯಾವ ರೂಪದಲ್ಲಿ ಬೇಕೋ ಅದೇ ರೂಪದಲ್ಲಿ ಬೈಟ್‌ಗಳನ್ನು ಇಟ್ಟಿರುತ್ತದೆ, ಎತ್ತಿ ನೇರವಾಗಿ ಕೊಡಬಹುದು. 32 ಬಿಟ್ ಬದಲು 16 ಬಿಟ್ ಸಂಖ್ಯೆಗಳನ್ನು ಬಳಸಿದರೆ ಗಾತ್ರ ಅರ್ಧ ಆಗುತ್ತದೆ, ಕಣ್ಣಿಗೆ ಹೆಚ್ಚಿನ ಸಲ ವ್ಯತ್ಯಾಸವೇ ತಿಳಿಯುವುದಿಲ್ಲ.

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟಿಗೆ ಸಿಮ್ಯುಲೇಷನ್ ಮಾಡುವವರು, ಬೆಂಗಳೂರು ಮೈಸೂರುಗಳ ಸಣ್ಣ ಸ್ಟುಡಿಯೊಗಳಲ್ಲಿ ಕೂತವರು ಇದನ್ನು ಓದುತ್ತಿದ್ದರೆ ಒಂದು ಮಾತು. ನಿಮ್ಮ ಬಳಕೆದಾರರ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡೇ ಇರುವುದಿಲ್ಲ. ಒಂದೇ 8 ಜಿಬಿ ರ‍್ಯಾಮ್‌ನಲ್ಲಿ ವಿಂಡೋಸ್, ಬ್ರೌಸರ್, ನಿಮ್ಮ ಪ್ರೋಗ್ರಾಂ, ಅದರ ಟೆಕ್ಸ್ಚರ್ ಎಲ್ಲ ಇರಬೇಕು. ಅಂಥ ಒಂದು ಯಂತ್ರವನ್ನು ಆಫೀಸಿನಲ್ಲಿಟ್ಟು, ಪ್ರತಿ ಬಿಲ್ಡ್‌ಅನ್ನೂ ಅದರ ಮೇಲೆ ಓಡಿಸಿ. ಫ್ರೇಮ್ ಸಮಯ ಬರೆದುಕೊಳ್ಳಿ, 33 ಮಿಲಿಸೆಕೆಂಡ್ ದಾಟಿದ ಪ್ರತಿ ಫ್ರೇಮಿಗೂ ಆಗ ಏನು ಲೋಡ್ ಆಗುತ್ತಿತ್ತು ಎಂದು ಲಾಗ್ ಇರಲಿ. ಆ ಲಾಗ್‌ನಲ್ಲಿ ಮೊದಲು ಸಿಗುವುದು ಬಹುಶಃ ಯಾರೋ ಪಿಎನ್‌ಜಿ ರೂಪದಲ್ಲೇ ಬಿಟ್ಟ 4096ರ ಟೆಕ್ಸ್ಚರ್, ಪರದೆಯಲ್ಲಿ 200 ಬಿಂದು ಅಗಲಕ್ಕಿಂತ ಜಾಸ್ತಿ ಎಂದೂ ಕಾಣದ ವಸ್ತುವಿನದು. ಅದನ್ನು 512ಕ್ಕೆ ಇಳಿಸಿ ಬಿಸಿ7 ಮಾಡಿದರೆ ಮಿಪ್‌ಗಳೂ ಸೇರಿ 85 ಎಂಬಿ ಇದ್ದದ್ದು 350 ಕೆಬಿಗಿಂತ ಕಡಿಮೆ ಆಗುತ್ತದೆ.